ಕೊಬ್ಬಿನೊಳಗಿನ ದಾರಿ

ನಲೈಖ್ ಗಣಿಯಿಂದ ಚಿಂಗೆಲ್ತೇ ಗುಡ್ಡದವರೆಗೆ
ಹತ್ತೊಂಬತ್ತು ಚಳಿಗಾಲ ಕಲ್ಲಿದ್ದಲು ಹೊತ್ತಿದ್ದೇನೆ.
ಉಗುರಿನ ಕಪ್ಪು ಮದುವೆಯ ದಿನವೂ ಹೋಗಿರಲಿಲ್ಲ.
ಈ ವರ್ಷ ತಂಗಿ ದುಲ್ಮಾ ಫೋನು ಮಾಡಿ,
"ಅಣ್ಣಾ, ಇದ್ದಲು ಬೇಡ,
ಕುರಿಬಾಲದ ಕೊಬ್ಬು ತಾ" ಅಂದಳು.
ಎಷ್ಟು?
"ಅರ್ಧ ಮೂಟೆ."
ಯಾರ ಮದುವೆ?
ನಕ್ಕಳು. ಪ್ರಯೋಗಾಲಯದಲ್ಲಿ ನಕ್ಕರೆ
ದನಿ ತಗಡಿನ ಡಬ್ಬಿಯೊಳಗೆ ಉರುಳಿದ ಹಾಗೆ.

ಕೊಬ್ಬು ಒಡೆದು, ತೊಳೆದು,
ಬೆಳ್ಳನೆ ಮೇಣದಂಥದ್ದನ್ನು ಉಳಿಸಿಕೊಂಡಳು.
ಥರ್ಮಾಮೀಟರು ಚುಚ್ಚಿ, ನೋಡು ಅಂದಳು.
ಐವತ್ತೈದು. ಮತ್ತೆ ಐವತ್ತೈದು.
ಕೆಳಗೆ ಉರಿಯಿದೆ, ಒಳಗೆ ಕರಗುತ್ತಿದೆ,
ಪಾದರಸ ಮಾತ್ರ ಕದಲುವುದಿಲ್ಲ.
"ನುಂಗಿಕೊಳ್ಳುತ್ತಿದೆ. ಗುಪ್ತೋಷ್ಣ ಅನ್ನುತ್ತಾರೆ.
ಗಟ್ಟಿಯಾಗುವಾಗ ಎಲ್ಲ ವಾಪಸು ಕೊಡುತ್ತದೆ."
ನನಗೆ ಅಪ್ಪ ನೆನಪಾದ.
ಮುನ್ನೂರು ಕುರಿ ನಿಂತಲ್ಲೇ ಹೆಪ್ಪುಗಟ್ಟಿದ ವರ್ಷ
ಮುಖದಲ್ಲಿ ಒಂದು ಗೆರೆ ಅಲುಗಿರಲಿಲ್ಲ.
ವಾಪಸು ಕೊಡುವ ಮೊದಲೇ ಹೋದ.

ತೊಂದರೆ ಏನೆಂದರೆ, ಕೊಬ್ಬಿಗೆ ಅವಸರವಿಲ್ಲ.
ಕಾಯಿಸಿದರೆ ಅಂಚು ನೀರು, ನಡು ಕಲ್ಲು.
ಆರಬಿಟ್ಟರೆ ಹೊರಗೊಂದು ಹೆಪ್ಪಿನ ಗೋಡೆ,
ಒಳಗಿನ ಬಿಸಿ ಒಳಗೇ ಬಂದಿ.
ರಾತ್ರಿಯ ಅಗ್ಗದ ಕರೆಂಟು ಕುಡಿಸಿ
ಮುದುಕಿ ತ್ಸೆವೆಲಳ ದುಂಡು ಗೇರ್‌ನಲ್ಲಿ ಇಟ್ಟ ಪೆಟ್ಟಿಗೆ
ಅವಳು ಕೈ ಚಾಚಿ ಕೂತಿದ್ದರೂ
ತನ್ನಷ್ಟಕ್ಕೆ ತಾನು ಬೆಚ್ಚಗಿತ್ತು.

ಆಗ ಬೀರುವಿನಿಂದ ಸೀಸೆ ತೆಗೆದಳು.
ಒಳಗೆ ಕಪ್ಪು. ನಾನು ಬಲ್ಲ ಕಪ್ಪು.
"ಇದೂ ಇದ್ದಲೇ ಅಲ್ಲವೇನೇ?"
"ವಂಶ ಒಂದೇ, ಇಂಗಾಲ.
ಇದು ಪದರ ಪದರ ಬಿಡಿಸಿದ್ದು, ಒಂದು ಪರಮಾಣುವಿನ ದಪ್ಪ.
ಗ್ರಾಫೀನ್."
ಸೀಸೆ ಎತ್ತಿದೆ, ಗಾಜಿನದಷ್ಟೇ ಭಾರ.
ಹೊರಗೆ ನನ್ನ ಲಾರಿಯಲ್ಲಿ ಹನ್ನೆರಡು ಟನ್ನು.
"ಇದು ಬಿಸಿಯನ್ನು ಹಿಡಿದಿಡಲಿಕ್ಕಲ್ಲ ಅಣ್ಣಾ,
ದಾರಿ ಬಿಡುತ್ತದೆ, ಅಷ್ಟೆ."
ಅಷ್ಟು ಸಾಕು. ದಾರಿ ಅಂದರೆ ನನಗೆ ತಿಳಿಯುತ್ತದೆ.

ಹಾಗಾದರೆ ಜಾಸ್ತಿ ಸುರಿ, ಅಂದೆ.
"ಊರೆಲ್ಲ ರಸ್ತೆಯೇ ಆದರೆ ಮನೆ ಎಲ್ಲಿ ಕಟ್ಟುತ್ತೀ?"
ನೂರಕ್ಕೆ ಮೂರು ಪಾಲು.
ಉಸಿರು ಬಿಗಿಹಿಡಿದು ತೂಗಿದಳು, ಹಾರದಂತೆ.
ಅಮ್ಮ ಉಪ್ಪುಚಹಾವನ್ನು ಸೌಟಲ್ಲಿ ಎತ್ತೆತ್ತಿ ಹುಯ್ಯುವ ಹಾಗೆ
ಎತ್ತೆತ್ತಿ ಹುಯ್ದಳು.

ಮೊದಲ ವಾರ ತ್ಸೆವೆಲ್ ಅಜ್ಜಿ ಕೋಟು ಬಿಚ್ಚಿದಳು.
ಆರನೆಯ ವಾರ ಮತ್ತೆ ತೊಟ್ಟಳು.
ಪೆಟ್ಟಿಗೆ ಕೊಯ್ದರೆ
ಕಪ್ಪೆಲ್ಲ ತಳ ಹಿಡಿದಿತ್ತು,
ಮೇಲೆ ಬಿಳಿ ಕೊಬ್ಬು, ಪೆದ್ದುಪೆದ್ದಾಗಿ.
ದುಲ್ಮಾ ಯಾರನ್ನೂ ಬೈಯಲಿಲ್ಲ.
ಚಾಕು ಒರೆಸಿ ಪುಸ್ತಕದಲ್ಲಿ ಬರೆದಳು:
ನಲವತ್ತೊಂದನೆಯ ಕರಗು. ಕುಸಿತ.

ಅಜ್ಜಿಯೇ ಕೇಳಿದ್ದು, ಗೋಡೆಯ ಕಂಬಳಿ ತಟ್ಟುತ್ತ:
"ಬಿಡಿ ಉಣ್ಣೆ ಗೋಡೆಯಾಗುತ್ತದೇನೇ ಮಗಳೇ?
ಒದ್ದೆ ಮಾಡಬೇಕು, ಸುತ್ತಬೇಕು,
ಕುದುರೆಯ ಹಿಂದೆ ಕಟ್ಟಿ ಬಯಲೆಲ್ಲ ಉರುಳಿಸಬೇಕು.
ಎಳೆಗೆ ಎಳೆ ಸಿಕ್ಕಿಕೊಂಡ ಮೇಲೆ ಯಾವುದೂ ಜಾರುವುದಿಲ್ಲ."
ದುಲ್ಮಾ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ಈಗ ಮೊದಲು ಕಪ್ಪನ್ನೇ ಕಂಬಳಿ ಮಾಡುತ್ತಾಳೆ,
ತೂತು ತೂತಾಗಿ, ಹಗುರವಾಗಿ.
ಆಮೇಲೆ ಕೊಬ್ಬು ಕುಡಿಸುತ್ತಾಳೆ.
ಇನ್ನೂರರ ಲೆಕ್ಕ ದಾಟಿದೆ, ತಳ ಹಿಡಿದಿಲ್ಲ.
ಮುಂದೆ ಗೊತ್ತಿಲ್ಲ ಅನ್ನುತ್ತಾಳೆ.
ದುಬಾರಿ ಅನ್ನುತ್ತಾಳೆ.

ನಾನು ಈಗಲೂ ಲಾರಿಯವನೇ.
ಗುಡ್ಡದ ಮೇಲೆ ನೂರು ಹೊಗೆಕೊಳವೆ, ಒಂದಕ್ಕೆ ಮಾತ್ರ ಹೊಗೆಯಿಲ್ಲ.
ಒಂದು ಗಿರಾಕಿ ಕಡಿಮೆ, ಎಂದು ಎಣಿಸಿಕೊಂಡೇ ಹಾಯುತ್ತೇನೆ.
ನಿನ್ನೆ ಅಜ್ಜಿ ಕೈ ಅಡ್ಡ ಹಿಡಿದು ನಿಲ್ಲಿಸಿದಳು:
ಹೊಸ್ತಿಲ ಮುಂದೆ ಮಂಜುಗಡ್ಡೆ, ಕಾಲು ಜಾರುತ್ತದೆ,
ಎರಚಲು ಮನೆಯಲ್ಲಿ ಬೂದಿಯೇ ಇಲ್ಲವಂತೆ.
ನನ್ನ ಒಲೆಯಿಂದ ಒಂದು ಬಕೆಟ್ಟು
ತಂದು ಸುರಿದೆ.